ಹಕ್ಕಿ ಓಡಿಸುವವರ ಭಾನುವಾರ

ನಿನ್ನೆ ಕೆಳಗಿನ ಹಾಲ್‌ನಲ್ಲಿ ಮದುವೆಯಿತ್ತು. ಗಂಡಿನ ಕಡೆಯ ಮೆರವಣಿಗೆ, ಬಾರಾತ್, ಬಂದಾಗ ಪಟಾಕಿ ಹೊಡೆದರು. ನಾನೆದ್ದು ಕಿಟಕಿ ಮುಚ್ಚುವಷ್ಟರಲ್ಲಿ ಸುಟ್ಟ ಮದ್ದಿನ ವಾಸನೆ ಹಾಸಿಗೆಯವರೆಗೂ ಬಂದುಬಿಟ್ಟಿತ್ತು. ಉಳಿದವರಿಗೆ ಆ ವಾಸನೆಯಿಂದ ದೀಪಾವಳಿ ನೆನಪಾಗುತ್ತದೇನೋ. ನನಗೆ ಆಗ ನಾನಿದ್ದ ವಿಲೆ ಪಾರ್ಲೆಯ ಎದುರುಮನೆಯ ಭಾಯಿಯ ಖಾಕಿ ಶರ್ಟು...

ಭಾಯಿ ಬಿಜಾಪುರದ ಕಡೆಯವರು. ಏರ್‌ಪೋರ್ಟಿನ ರನ್‌ವೇಯಿಂದ ಹಕ್ಕಿಗಳನ್ನು ಓಡಿಸುವುದು ಅವರ ಕೆಲಸ. ಬೆಳಕು ಹರಿಯುತ್ತಲೇ ಪಟಾಕಿ ಸಿಡಿಸಿ ಹದ್ದು, ಬೆಳ್ಳಕ್ಕಿಗಳನ್ನು ಎಬ್ಬಿಸುತ್ತಿದ್ದರು. ಆ ಢಂ ಸದ್ದು ಏರ್‌ಪೋರ್ಟಿನ ಬಗಲಿಗೇ ಇದ್ದ ನಮ್ಮ ಬಿಲ್ಡಿಂಗಿಗೆ ಹಾಲಿನವನ ಬೆಲ್‌ನಷ್ಟೇ ಮಾಮೂಲು. ಬೇಸಿಗೆಯ ಭಾನುವಾರ ಮಾತ್ರ ಅದೇ ಮನುಷ್ಯ ಹಕ್ಕಿ ನೋಡಲು ಹೊರಡುತ್ತಿದ್ದರು. ಚಿಕ್ಕಂದಿನಲ್ಲಿ ಶಾಲೆಯ ನೇಚರ್ ಕ್ಲಬ್ಬಿಗೆಂದು ಡ್ಯಾಡಿ ಕೊಡಿಸಿದ್ದ ಹಳೇ ಬೈನಾಕ್ಯುಲರ್ಸ್ ಕೊರಳಿಗೆ ಹಾಕಿಕೊಂಡು ನಾನೂ ಜೊತೆಗೆ.

ಅವರ ಹೆಂಡತಿ ಭಾಭಿ ಡಬ್ಬಿ ಕಟ್ಟಿಕೊಡುತ್ತಾ ಚುಚ್ಚುತ್ತಿದ್ದರು. "ವಾರಪೂರ್ತಿ ಓಡಸೂದು, ಐತವಾರ ಹೋಗಿ ಸಲಾಂ ಹೊಡಿಯೂದು. ಆ ಹಕ್ಕಿಗೋಳು ನಿಮ್ಮನ್ನ ನೋಡಿ ನಗತಾವ, ನೋಡ್ರಿ."

"ನಗಲಿ ಬಿಡು. ನೀ ಅಂತೂ ನಗೂದಿಲ್ಲ," ಎನ್ನುತ್ತಿದ್ದರು ಭಾಯಿ.

ಘಾಟ್ಕೋಪರಿನಾಚೆ ಸಮುದ್ರದ ನೀರು ಒಳನುಗ್ಗುವ ಖಾಡಿಯ ದಂಡೆ, ಹಳೆಯ ಉಪ್ಪಿನಾಗರದ ಬದು. ಇಳಿತದ ಹೊತ್ತಿಗೆ ಕೆಸರಿನ ತುಂಬ ಫ್ಲೆಮಿಂಗೋಗಳು, ಯಾರೋ ಗುಲಾಬಿ ದುಪಟ್ಟಾ ಒಣಹಾಕಿ ಮರೆತುಹೋದಂತೆ. ಅಲ್ಲಿ ಭಾಯಿಯದೊಂದು ನಿಯಮವಿತ್ತು: ಸದ್ದು ಮಾಡುವ ಹಾಗಿಲ್ಲ. ಕೆನ್ನೆಯ ಮೇಲೆ ಸೊಳ್ಳೆ ಕೂತರೂ ಹೊಡೆಯುವ ಹಾಗಿಲ್ಲ. ನಾನು ಓದಿದ ಕಾನ್ವೆಂಟ್ ಶಾಲೆಯ ಸಿಸ್ಟರ್‌ಗಳ ಚಾಪೆಲ್‌ನಲ್ಲೂ ಅಷ್ಟು ಸೈಲೆನ್ಸ್ ಇರಲಿಲ್ಲ.

ಒಂದು ವರ್ಷ ಅವರಿಗೆ ಗ್ಲಾಕೋಮಾ ಎಂದು ಗೊತ್ತಾಯಿತು. ಮುಂದಿನ ಬೇಸಿಗೆಗೆ ಎಷ್ಟು ಕಂಡೀತೋ ಹೇಳಲಾಗದು ಎಂದಿದ್ದರು ಡಾಕ್ಟರ್. "ಈ ಸಲ ಕಣ್ತುಂಬ ನೋಡಿ ಇಟ್ಕೋತೀನ್ರಿ ಅಕ್ಕಾರ," ಎಂದು, ಕೆಲಸದ ಮಾತೆಂಬಂತೆ ಹೇಳಿದ್ದರು.

ಆ ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ ದಂಡೆಯಲ್ಲಿ ಢಂ ಎಂದಿತು. ನಾನು ಬೈನಾಕ್ಯುಲರ್ಸ್ ಕೂಡ ಇಳಿಸಲಿಲ್ಲ. ಪಾರ್ಲೆಯ ಕಿವಿ ನನ್ನದು. ಭಾಯಿ ಡ್ಯೂಟಿಯಲ್ಲಿದ್ದಾರೆ ಎಂದುಕೊಂಡೆ. ಮರುಕ್ಷಣ ನೆನಪಾಯಿತು, ಭಾಯಿ ನನ್ನ ಪಕ್ಕದಲ್ಲೇ ನಿಂತಿದ್ದಾರೆ.

"ಪಟಾಕಿ ಅಲ್ರಿ ಇದು," ಎಂದರು.

ಹಿಂಡು ಒಮ್ಮೆಲೇ ಎದ್ದಿತು. ಒಂದು ಹಕ್ಕಿ ಮಾತ್ರ ಮಡಿಸಿದ ಕೊಡೆಯಂತೆ ಕೆಸರಿಗೆ ಬಿತ್ತು. ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾಗಿಡಗಳ ಮರೆಯಲ್ಲಿ ಒಂದು ದೋಣಿ, ಇಬ್ಬರು ಗಂಡಸರು, ಬಂದೂಕು. ಅದು ಪಕ್ಷಿಧಾಮ, ಬಂದೂಕು ತರುವುದೇ ಅಪರಾಧ. ನಾನು ಫಾರೆಸ್ಟ್ ಆಫೀಸಿಗೆ ಫೋನ್ ಮಾಡುತ್ತಿದ್ದೆ. ಮೇಲೆ ಎರಡು ಸುತ್ತು ಹೊಡೆದ ಹಿಂಡು ಮತ್ತೆ ಅಲ್ಲಿಗೇ ಇಳಿಯತೊಡಗಿತು. ಹಾಗೇ ಆಗುವುದೆಂದು ರನ್‌ವೇಯ ಭಾಯಿಗೆ ಗೊತ್ತಿತ್ತು. ದೋಣಿಯವರಿಗೂ ಗೊತ್ತಿತ್ತು, ಅವರು ತೋಟಾ ತುಂಬುತ್ತಿದ್ದರು.

ಭಾಯಿ ಬದುವಿನಿಂದ ಕೆಸರಿಗೆ ಇಳಿದುಬಿಟ್ಟರು. ಸ್ಟೀಲ್ ಡಬ್ಬಿಯ ಮೇಲೆ ಮುಚ್ಚಳ ಬಡಿಯುತ್ತಾ, ಮೊಣಕಾಲುದ್ದ ಹೂಳಿನಲ್ಲಿ ಕಾಲು ಕೀಳುತ್ತಾ, ಇಳಿಯುತ್ತಿದ್ದ ಹಕ್ಕಿಗಳತ್ತ ಎದೆಯೊಡೆಯುವಂತೆ ಕೂಗಿದರು. "ಜಾವ್ ರೇ! ಹೋಗ್ರೋ, ನಿಂದ್ರಬ್ಯಾಡ್ರಿ!"

"ಭಾಯಿ, ಪ್ಲೀಸ್, ವಾಪಸ್ ಬನ್ನಿ," ಎಂದೆ. ದೋಣಿಯ ಬಂದೂಕು ಒಂದು ಗಳಿಗೆ ಅವರ ಕಡೆ ತಿರುಗಿತ್ತು... ಆಮೇಲೆ ದೋಣಿ ಗಿಡಗಳ ಹಿಂದೆ ಸರಿದುಹೋಯಿತು. ಅಷ್ಟರಲ್ಲಿ ಹಿಂಡು ನೀರು ದಾಟಿತ್ತು. ಆಚೆ ದಡದಲ್ಲಿ ಬೆರಳಲ್ಲಿ ಒರೆಸಿದಂಥ ಒಂದು ಗುಲಾಬಿ ಗೆರೆ. ನನ್ನ ಬೈನಾಕ್ಯುಲರ್ಸಿಗೂ ಹಕ್ಕಿ ಬೇರೆ, ಬಿಸಿಲು ಬೇರೆ ಎಂದು ತಿಳಿಯಲಿಲ್ಲ.

ಫಾರೆಸ್ಟಿನವರು ಬಂದಾಗ ದೋಣಿ ಇರಲಿಲ್ಲ. ಬಿದ್ದ ಹಕ್ಕಿಯನ್ನು ಗೋಣಿಯಲ್ಲಿ ಸುತ್ತಿಕೊಂಡು ಹೋದರು. ಭಾಯಿ ಬದುವಿನ ಮೇಲೆ ಕೂತು ಕಾಲಿನ ಕೆಸರು ಕೆರೆಯುತ್ತಿದ್ದರು.

"ಐತವಾರನೂ ಡ್ಯೂಟಿ ಆತಲ್ರಿ ಅಕ್ಕಾರ," ಎಂದು ನಕ್ಕರು.

ನಾನು ನೆಗ್ಗಿದ ಮುಚ್ಚಳವನ್ನು ಡಬ್ಬಿಗೆ ಒತ್ತಿ ಕೂರಿಸಿದೆ.

ಆ ಬೇಸಿಗೆ ಹಿಂಡು ನಮ್ಮ ದಂಡೆಗೆ ಮರಳಲಿಲ್ಲ. ನಾವು ಮಳೆ ಬರುವವರೆಗೂ ಪ್ರತಿ ಭಾನುವಾರ ಹೋಗಿ ಖಾಲಿ ಕೆಸರು ನೋಡಿ ಬಂದೆವು. ಮುಂದಿನ ವರ್ಷ ಅವು ಬಂದವು, ತೀರಾ ಹತ್ತಿರಕ್ಕೆ. ಅಷ್ಟರಲ್ಲಿ ಭಾಯಿಗೆ ಮೆಟ್ಟಿಲ ಅಂಚೂ ಕಾಣುತ್ತಿರಲಿಲ್ಲ. ನನ್ನ ತೋಳು ಹಿಡಿದು ನಿಂತು ಅವುಗಳ ಗೊಣಗಾಟ ಕೇಳಿದರು. ನಾನು ವರ್ಣಿಸಲು ಹೊರಟರೆ, ಬೇಡ ಎಂದು ಕೈಯಾಡಿಸಿದರು.

ಭಾಯಿ ಹೋಗಿ ಕೆಲವು ವರ್ಷಗಳಾದವು. ಈಗ ನನ್ನ ಮೊಣಕಾಲುಗಳು ಬದು ಹತ್ತುವುದಿಲ್ಲ. ಪಕ್ಕದ ಮನೆಯ ಹುಡುಗಿ ಮೊಬೈಲಿನಲ್ಲಿ ಖಾಡಿಯ ಈ ವರ್ಷದ ಫೋಟೋ ತೋರಿಸಿ, "ಆಂಟಿ, ಲುಕ್, ಕಿತ್ನೇ ಸಾರೇ," ಎಂದಳು, ಎಷ್ಟೊಂದಿವೆ ಎಂದು ಬೆರಗಾಗಿ. ಫ್ಲೆಮಿಂಗೋಗಳು ಬಹಳ ವರ್ಷ ಬದುಕುತ್ತವಂತೆ. ಅಂದು ನೀರು ದಾಟಿ ಹೋದವುಗಳಲ್ಲಿ ಎಷ್ಟೋ ಹಕ್ಕಿಗಳು ಆ ಫೋಟೋದಲ್ಲಿ ಇರಬಹುದು... ತಲೆ ಕೆಳಗೆ ಮಾಡಿ, ನಿಧಾನವಾಗಿ ತಿನ್ನುತ್ತಾ.