ಅಲುಗದಂತೆ ವೈಟ್‌ಫೀಲ್ಡಿಗೆ ಒಂದು ಬಾಟಲಿ

ಪೀಣ್ಯ ಎರಡನೇ ಹಂತದ ನಮ್ಮ ಕಾರ್ಖಾನೆಯ ಗೇಟು ದಾಟಿದಾಗ ಶನಿವಾರ ಮಧ್ಯಾಹ್ನ ಹನ್ನೆರಡೂಕಾಲು. ತೊಂಬತ್ತರ ದಶಕದ ನಡುವಿನ ಒಂದು ಏಪ್ರಿಲ್. ನಾನು ಎದೆಗವಚಿಕೊಂಡಿದ್ದ ಮರದ ಪೆಟ್ಟಿಗೆಯೊಳಗೆ ಇಪ್ಪತ್ತನಾಲ್ಕು ವರ್ಷ ಹಳೆಯದಾದ ಫ್ರೆಂಚ್ ಕೆಂಪು ವೈನಿನ ಒಂದು ಬಾಟಲಿ ನಿಂತಿತ್ತು. ಅದನ್ನು ಊರಿನ ಇನ್ನೊಂದು ತುದಿಯ ವೈಟ್‌ಫೀಲ್ಡಿಗೆ, ಅಲುಗಿಸದೆ, ಬಿಸಿಯಾಗಲು ಬಿಡದೆ, ಸಂಜೆಯೊಳಗೆ ಮುಟ್ಟಿಸಬೇಕಿತ್ತು.

ಬಾಟಲಿ ಮಾರ್ಸೆಲ್ ಅವರದು. ನಮ್ಮಲ್ಲಿ ಲೋಹದ ತಟ್ಟೆ ಒತ್ತುವ ಹೊಸ ಪ್ರೆಸ್ ಜೋಡಿಸಿಕೊಡಲು ಫ್ರಾನ್ಸಿನಿಂದ ಬಂದಿದ್ದ, ಅರುವತ್ತರ ಹತ್ತಿರದ ಫಿಟ್ಟರ್. ನಾನು ಗುಣಮಟ್ಟ ತಪಾಸಣೆಯ ವಿಭಾಗದಲ್ಲಿದ್ದೆ. ಅವರ ಪ್ರೆಸ್ಸಿನಿಂದ ಬಂದ ತಟ್ಟೆಗಳನ್ನು ಅಳೆದು ನೋಡಿ ಹನ್ನೊಂದು ಸಲ ಸರಿಯಿಲ್ಲವೆಂದು ಹಿಂದಕ್ಕೆ ಕಳಿಸಿದ್ದೆ. ಬೇಸಿಗೆಯಲ್ಲೂ ಇಪ್ಪತ್ತು ಡಿಗ್ರಿ ಮೀರದ ಜಾಗ ಕಾರ್ಖಾನೆಯಲ್ಲಿ ನನ್ನ ಅಳತೆ ಕೋಣೆಯೊಂದೇ ಎಂದು ತಿಳಿದು, ಬಂದ ವಾರವೇ ಅವರು ಆ ಬಾಟಲಿಯನ್ನು ನನ್ನ ಕಪಾಟಿನ ಮೂಲೆಯಲ್ಲಿ ನಿಲ್ಲಿಸಿದ್ದರು. ಅವರ ತಂದೆ ನೆಲಮಾಳಿಗೆಯಲ್ಲಿ ಇಟ್ಟು ಹೋದವುಗಳಲ್ಲಿ ಅದೇ ಕೊನೆಯದಂತೆ. ಪ್ರೆಸ್ ಸರಿಯಿದೆಯೆಂದು ನನ್ನ ಸಹಿ ಬಿದ್ದ ದಿನ ಅದನ್ನು ತೆರೆಯುವುದೆಂದು ಹೇಳಿದ್ದರು. ಹಳೆಯ ವೈನಿನ ತಳದಲ್ಲಿ ಗಸಿ ಕೂತಿರುತ್ತದೆ, ಅಲುಗಿದರೆ ಎದ್ದು ಪೂರ್ತಿ ಬಾಟಲಿ ಕಹಿಯಾಗುತ್ತದೆ, ಮತ್ತೆ ತಿಳಿಯಾಗಲು ವಾರಗಟ್ಟಲೆ ಬೇಕು ಎಂದೂ ಆಗಲೇ ವಿವರಿಸಿದ್ದರು.

ಆ ಬುಧವಾರ ಬಾಗಲಗುಂಟೆಯ ಬಾಡಿಗೆ ಮನೆಯ ಮೆಟ್ಟಿಲಲ್ಲಿ ಜಾರಿ ಮಾರ್ಸೆಲ್ ಕಾಲು ಮುರಿದುಕೊಂಡರು. ಪ್ಲಾಸ್ಟರ್ ಹಾಕಿಸಿ, ವಿಮಾನ ನಿಲ್ದಾಣಕ್ಕೆ ಹತ್ತಿರವೆಂದು ಅವರನ್ನು ವೈಟ್‌ಫೀಲ್ಡಿನ ಗೆಸ್ಟ್‌ಹೌಸಿಗೆ ಸಾಗಿಸಿದರು. ಭಾನುವಾರ ಬೆಳಿಗ್ಗೆಗೆ ಟಿಕೆಟ್ ಆಯಿತು. ಶುಕ್ರವಾರ ಸಂಜೆ ಹನ್ನೆರಡನೆಯ ತಟ್ಟೆ ಅಳತೆಗೆ ಸರಿಯಾಗಿ ಕೂತಿತು. ಸಹಿ ಹಾಕಿ ಫೋನ್ ಮಾಡಿದೆ. ಅವರು ಸಂತೋಷಪಟ್ಟರು. ಬಾಟಲಿಯ ಮಾತು ಬಂದಾಗ ಮಾತ್ರ, ಅದನ್ನು ನೀವೇ ಇಟ್ಟುಕೊಳ್ಳಿ, ಆ ರಸ್ತೆಗಳಲ್ಲಿ ತಂದರೆ ಕೆಸರಾಗುತ್ತದೆ ಎಂದರು. ನಾನು ತರುತ್ತೇನೆ ಎಂದೆ. ಆಗುವುದಿಲ್ಲ ಎಂದರು. ನಾಳೆ ಸಂಜೆ ಮನೆಯಲ್ಲೇ ಇರಿ ಎಂದು ಹೇಳಿ ಫೋನಿಟ್ಟೆ. ಹನ್ನೊಂದು ಸಲ ತಿರಸ್ಕರಿಸಿದರೂ ಒಮ್ಮೆಯೂ ಸಿಡುಕದೆ, ಪ್ರತಿ ಸಲ ಅಂಗಿಯ ತೋಳು ಮಡಚಿ ಮತ್ತೆ ಪ್ರೆಸ್ಸಿನ ಕೆಳಗೆ ನುಗ್ಗಿದ ಮನುಷ್ಯನನ್ನು ಹಾಗೆ ಕಳಿಸಲು ನನಗೆ ಮನಸ್ಸಿರಲಿಲ್ಲ.

ಕಂಪನಿಯ ಕಾರು ಮಾಲೀಕರ ಜೊತೆ ಅತ್ತಿಬೆಲೆಗೆ ಹೋಗಿತ್ತು. ಆಟೋ ಎಂದರೆ ಬಾಟಲಿಯನ್ನು ಒರಳಿಗೆ ಹಾಕಿ ಕುಟ್ಟಿದಂತೆ. ಮೆಜೆಸ್ಟಿಕ್ಕಿನವರೆಗೆ ಬಸ್ಸು, ಅಲ್ಲಿಂದ ಪ್ಯಾಸೆಂಜರ್ ರೈಲು ಎಂದು ತೀರ್ಮಾನಿಸಿದೆ. ನಮ್ಮ ಬಡಗಿ ಎತ್ತರದ ಪೆಟ್ಟಿಗೆ ಮಾಡಿಕೊಟ್ಟ. ಒಳಗೆ ಸ್ಪಂಜು, ಹೊರಗೆ ಒದ್ದೆ ಗೋಣಿತಾಟು. ಮುಚ್ಚಳದ ಮೇಲೆ ಒಂದು ಸಣ್ಣ ರಸಮಟ್ಟ ಅಂಟಿಸಿದೆ. ಗುಳ್ಳೆ ನಡುಗೆರೆಯಲ್ಲಿ ನಿಂತಿರುವವರೆಗೆ ಬಾಟಲಿ ನೆಟ್ಟಗಿದೆ ಎಂದು ಲೆಕ್ಕ.

ಬಸ್ಸಿನಲ್ಲಿ ಪೆಟ್ಟಿಗೆಯನ್ನು ಪಕ್ಕದ ಸೀಟಿನಲ್ಲಿಟ್ಟೆ. ಕಂಡಕ್ಟರ್ ಅದನ್ನು ಸೀಟಿನ ಕೆಳಗೆ ತಳ್ಳಿ ಎಂದ. ಅದಕ್ಕೂ ಒಂದು ಪೂರ್ತಿ ಟಿಕೆಟ್ ಕೇಳಿದೆ. "ಒಳಗೇನು ಮೇಡಂ, ಮಗೂನಾ?" ಎಂದು ಕೇಳಿ, ನನ್ನ ಮುಖ ನೋಡಿ ಸುಮ್ಮನೆ ಎರಡು ಟಿಕೆಟ್ ಹರಿದ. ಜಾಲಹಳ್ಳಿ ಕ್ರಾಸ್ ಬರುವಷ್ಟರಲ್ಲಿ ಸೀಟಿನ ಮೇಲಿಟ್ಟರೆ ಆಗದು ಎಂದು ಗೊತ್ತಾಯಿತು. ಪ್ರತಿ ಗುಂಡಿಗೂ ಗುಳ್ಳೆ ಗೆರೆ ದಾಟಿ ಓಡುತ್ತಿತ್ತು. ಎದ್ದು ನಿಂತು, ಪೆಟ್ಟಿಗೆಯನ್ನು ತೋಳಿನಲ್ಲಿ ಎತ್ತಿಕೊಂಡು, ಕಂಬಕ್ಕೆ ಬೆನ್ನು ಕೊಟ್ಟು, ಗುಂಡಿ ಕಂಡಾಗಲೆಲ್ಲ ಮೊಣಕಾಲು ಬಗ್ಗಿಸಿದೆ. ಹೀಗೆ ಯಶವಂತಪುರ, ಮಲ್ಲೇಶ್ವರ ದಾಟಿತು. ದುಡ್ಡು ಕೊಟ್ಟ ಎರಡು ಸೀಟಿನಲ್ಲಿ ಬೇರೆ ಇಬ್ಬರು ಕೂತು ಬಂದರು.

ಸ್ಟೇಷನ್ ಸೇರಿದಾಗ ರೈಲಿಗೆ ಇನ್ನೂ ಮುಕ್ಕಾಲು ಗಂಟೆಯಿತ್ತು. ಪ್ಲಾಟ್‌ಫಾರ್ಮಿನ ನಲ್ಲಿಯಲ್ಲಿ ಗೋಣಿತಾಟು ನೆನೆಸಿಕೊಂಡು, ಪೆಟ್ಟಿಗೆಯನ್ನು ಕಾಲುಗಳ ನಡುವೆ ಇಟ್ಟುಕೊಂಡು, ಡಬ್ಬಿಯಲ್ಲಿದ್ದ ಮೊಸರನ್ನ ತಿಂದೆ. ಹೊರಗೆ ಕಣ್ಣು ಬಿಡಲಾಗದ ಬಿಸಿಲು. ರೈಲು ಬಂದಾಗ ನುಗ್ಗುವವರನ್ನೆಲ್ಲ ಬಿಟ್ಟು ಕೊನೆಗೆ ಹತ್ತಿದೆ. ಕೂರಲು ಜಾಗ ಸಿಗಲಿಲ್ಲ.

ಬಾಗಿಲ ಬಳಿ ಖಾಲಿ ಬಿದಿರಿನ ಮಂಕರಿಗಳ ನಡುವೆ ಕೂತಿದ್ದ ಒಬ್ಬ ಮುದುಕ ನನ್ನನ್ನೂ ಪೆಟ್ಟಿಗೆಯನ್ನೂ ಸ್ವಲ್ಪ ಹೊತ್ತು ನೋಡಿ, ಮಂಕರಿಗಳನ್ನು ಒಂದರೊಳಗೊಂದು ಸೇರಿಸಿ ಜಾಗ ಮಾಡಿಕೊಟ್ಟ. ಹೆಸರು ಮುನಿಯಪ್ಪ. ವೈಟ್‌ಫೀಲ್ಡ್ ಸ್ಟೇಷನ್ನಿನ ಆಚೆಯ ಹಳ್ಳಿ. ಮೂರು ತಲೆಮಾರಿನಿಂದ ದ್ರಾಕ್ಷಿ ತೋಟವಂತೆ. ಬೆಳಗಿನ ರೈಲಿಗೆ ಹಣ್ಣು ತಂದು ಮಂಡಿಗೆ ಹಾಕಿ ವಾಪಸ್ ಹೊರಟಿದ್ದ. ಪೆಟ್ಟಿಗೆಯಲ್ಲಿ ಏನೆಂದು ಕೇಳಿದ. ಸುಳ್ಳು ಹೇಳಬೇಕೆನಿಸಲಿಲ್ಲ. ದ್ರಾಕ್ಷಿಯದೇ ವೈನು, ಇಪ್ಪತ್ತನಾಲ್ಕು ವರ್ಷದ್ದು ಎಂದೆ. ಅವನು ನಂಬಲಿಲ್ಲ. ತನ್ನ ಹಣ್ಣು ಮೂರನೇ ದಿನಕ್ಕೆ ನೀರಾಗುತ್ತದೆ, ಇಪ್ಪತ್ತನಾಲ್ಕು ವರ್ಷ ಯಾವ ದ್ರಾಕ್ಷಿ ಉಳಿಯುತ್ತದೆ ಎಂದು ವಾದ ಮಾಡಿದ.

ಕೃಷ್ಣರಾಜಪುರದಲ್ಲಿ ಸಿಗ್ನಲ್ ಸಿಗದೆ ರೈಲು ಅರ್ಧ ಗಂಟೆ ನಿಂತಿತು. ತಗಡಿನ ಚಾವಣಿ ಕಾದು ಬೋಗಿ ಒಲೆಯಂತಾಯಿತು. ಬಿಸಿಲು ತಿರುಗಿ ಸೀದಾ ಪೆಟ್ಟಿಗೆಯ ಮೇಲೆ ಬಿದ್ದಾಗ ನಾನು ಸೆರಗು ಹೊದಿಸಿದೆ. ಮುನಿಯಪ್ಪ ಒಂದು ಮಂಕರಿಯನ್ನು ಬಾಗಿಲಿಗೆ ಅಡ್ಡ ನಿಲ್ಲಿಸಿ, ತನ್ನ ಬಾಟಲಿಯಲ್ಲಿ ಉಳಿದಿದ್ದ ನೀರನ್ನು ಗೋಣಿಯ ಮೇಲೆ ಚಿಮುಕಿಸಿದ.

ವೈಟ್‌ಫೀಲ್ಡಿನಲ್ಲಿ ಇಳಿದಾಗ ಮೂರೂಮುಕ್ಕಾಲು. ಗೆಸ್ಟ್‌ಹೌಸ್ ಅಲ್ಲಿಂದ ಮೂರು ಕಿಲೋಮೀಟರ್. ಯಾವುದೋ ಹೊಸ ಕಟ್ಟಡಗಳಿಗಾಗಿ ರಸ್ತೆಯುದ್ದಕ್ಕೂ ಅಗೆದಿದ್ದರು. ಕಲ್ಲು ತುಂಬಿದ ಲಾರಿಗಳು ಧೂಳೆಬ್ಬಿಸುತ್ತಿದ್ದವು. ನಡೆಯುವುದೊಂದೇ ದಾರಿ. ಅರ್ಧ ಫರ್ಲಾಂಗ್ ನಡೆಯುವುದರೊಳಗೆ ನನ್ನ ತೋಳುಗಳು ನಡುಗತೊಡಗಿದವು. ನಿಂತು ಉಸಿರು ತೆಗೆದುಕೊಂಡರೂ ನಡುಕ ನಿಲ್ಲಲಿಲ್ಲ. ರಸಮಟ್ಟದ ಗುಳ್ಳೆ ಗೆರೆಯ ಮೇಲೆ ಅತ್ತಿತ್ತ ಜೀಕುತ್ತಿತ್ತು. ಮೂರೂವರೆ ಗಂಟೆಯ ಹೊತ್ತು ಕಾಪಾಡಿಕೊಂಡು ಬಂದದ್ದನ್ನು ನನ್ನ ಕೈಯೇ ಕೆಡಿಸುತ್ತಿತ್ತು.

ಹಿಂದೆ ಬರುತ್ತಿದ್ದ ಮುನಿಯಪ್ಪ ಹತ್ತಿರ ಬಂದ. "ತಲೆ ಮ್ಯಾಲ್ ಇಡಿ ಅಮ್ಮ," ಎಂದ. "ನಲವತ್ತು ವರ್ಸ ಇಂಗೇ ಅಣ್ಣು ಒತ್ತಿವ್ನಿ. ಒಂದು ಕಾಯಿ ನಲುಗಿದ್ರೂ ಮಂಡೀಲಿ ತಗಳಾಕಿಲ್ಲ."

ನಾನು ಹಿಂಜರಿದೆ. ತಲೆಯ ಮೇಲಿಟ್ಟರೆ ರಸಮಟ್ಟ ನನಗೆ ಕಾಣುವುದಿಲ್ಲ ಎಂಬುದೇ ಮೊದಲು ಹೊಳೆದದ್ದು. ನನ್ನ ಕೆಲಸದಲ್ಲಿ ನೋಡದೆ ಯಾವುದನ್ನೂ ಒಪ್ಪುವಂತಿಲ್ಲ. ಆದರೆ ಅಲ್ಲೇ ನಿಂತಿದ್ದರೂ ನನ್ನ ಕೈ ನಡುಗುತ್ತಲೇ ಇತ್ತು. ಅವನು ಟವೆಲ್ಲಿನ ಸಿಂಬಿ ಸುತ್ತಿದ. ಮೇಲಿನ ಮಂಕರಿಯ ತಳದ ಒಣ ಹುಲ್ಲಿನ ನಡುವೆ ಪೆಟ್ಟಿಗೆ ನಿಲ್ಲಿಸಿ, ಇಬ್ಬರೂ ಸೇರಿ ಎತ್ತಿ ಅವನ ತಲೆಯ ಮೇಲಿಟ್ಟೆವು. ಅವನು ಒಂದು ಕ್ಷಣ ಕಣ್ಣು ಮುಚ್ಚಿ ಭಾರ ನೋಡಿಕೊಂಡು ನಡೆದ. ಸೊಂಟದ ಕೆಳಗಷ್ಟೇ ಅವನಿಗೆ ಚಲನೆ ಇತ್ತು. ಕುತ್ತಿಗೆ, ತಲೆ, ಮಂಕರಿ ಒಂದೇ ಮಟ್ಟದಲ್ಲಿ ಗಾಳಿಯಲ್ಲಿ ಸಾಗುತ್ತಿದ್ದವು. ಅವನು ಅಗೆದ ಗುಂಡಿಗಳನ್ನು ಬಿಟ್ಟು ತೋಟಗಳ ನಡುವಿನ ಕಾಲುದಾರಿ ಹಿಡಿದ. ಐವತ್ತು ನಿಮಿಷ ಅವನ ಹಿಮ್ಮಡಿ ನೋಡುತ್ತ ಹಿಂದೆ ನಡೆದೆ. ಒಂದು ಕಡೆ ಕಾಲುವೆಗೆ ಹಾಕಿದ್ದ ಕಲ್ಲುಚಪ್ಪಡಿಯ ಮೇಲೆ ಅವನ ಕಾಲು ಸ್ವಲ್ಪ ಜಾರಿತು. ಮಂಕರಿ ಮಾತ್ರ ಅಲುಗಿದಂತೆ ಕಾಣಲಿಲ್ಲ.

ಮಾರ್ಸೆಲ್ ವರಾಂಡದಲ್ಲಿ ಪ್ಲಾಸ್ಟರಿನ ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು ಕೂತಿದ್ದರು. ಗೇಟಿನಲ್ಲಿ ಮಂಕರಿ ಹೊತ್ತವನನ್ನೂ ಹಿಂದೆ ಧೂಳು ಮೆತ್ತಿದ ನನ್ನನ್ನೂ ಕಂಡು ಎದ್ದು ನಿಲ್ಲಲು ಹೋದರು. ಪೆಟ್ಟಿಗೆ ಇಳಿಸಿ, ಬಾಟಲಿ ತೆಗೆದು, ಮೇಜಿನ ಮೇಲೆ ನಿಲ್ಲಿಸಿದೆ. ಅವರು ಮುಟ್ಟಲಿಲ್ಲ. ಟಾರ್ಚ್ ತರಿಸಿ ಹಿಂದಿನಿಂದ ಬೆಳಕು ಬಿಟ್ಟು ನೋಡಿದರು. ಗಸಿ ತಳದಲ್ಲಿ ಕಪ್ಪು ಬಳೆಯಂತೆ ಮಲಗಿತ್ತು. ಅದರ ಮೇಲೆ ಒಂದಿಷ್ಟು ಮಬ್ಬು. ಅದಕ್ಕೂ ಮೇಲಿನದೆಲ್ಲ ತಿಳಿಯಾಗಿತ್ತು. ಆ ಮಬ್ಬು ಬಸ್ಸಿನಲ್ಲಿ ಆದದ್ದು ಎಂದು ನಾನೇ ಹೇಳಿದೆ. ಅವರು ಬೆರಳಿನಿಂದ ಅಳತೆ ತೋರಿಸಿ, ಇಷ್ಟನ್ನು ಬಿಟ್ಟು ಉಳಿದದ್ದು ನಮ್ಮದು ಎಂದರು.

ಬಿರಡೆ ಅರ್ಧಕ್ಕೆ ಮುರಿಯಿತು. ಉಳಿದರ್ಧವನ್ನು ಓರೆಯಾಗಿ ತಿರುಪು ಇಳಿಸಿ, ಗಡಿಯಾರ ರಿಪೇರಿಯವರ ತಾಳ್ಮೆಯಿಂದ ಎಳೆದರು. ಮುನಿಯಪ್ಪ ಟಾರ್ಚ್ ಹಿಡಿದ. ಮಾರ್ಸೆಲ್ ಒಂದೇ ಸಣ್ಣ ಧಾರೆಯಲ್ಲಿ ಗಾಜಿನ ಜಗ್ಗಿಗೆ ಬಗ್ಗಿಸಿದರು. ಮಬ್ಬು ಬಾಟಲಿಯ ಹೆಗಲಿಗೆ ಬಂದ ತಕ್ಷಣ ಕೈ ನಿಲ್ಲಿಸಿದರು. ಲೋಟಕ್ಕೆ ಹಾಕಿದ ವೈನು ನಡುವೆ ಕಡುಗೆಂಪು, ಅಂಚಿನಲ್ಲಿ ಇಟ್ಟಿಗೆಯ ಬಣ್ಣ. ಅವರು ಮೂಸಿ ನೋಡಿದರು. ಇನ್ನೊಮ್ಮೆ ಮೂಸಿದರು. ಮುಖ ಇಳಿಯಿತು. ನಾನೂ ಮೂಸಿದೆ. ಮುಚ್ಚಿಟ್ಟ ಮನೆಯ ಒದ್ದೆ ಗೋಡೆಯ ವಾಸನೆ ಬಿಟ್ಟರೆ ಬೇರೇನಿರಲಿಲ್ಲ. ಬಹುಶಃ ತಡವಾಯಿತು, ಐದು ವರ್ಷ ಮೊದಲೇ ತೆರೆಯಬೇಕಿತ್ತು, ನಿಮ್ಮ ತಪ್ಪಲ್ಲ ಎಂದರು. ಸಮಾಧಾನಕ್ಕೆ ಹೇಳಿದ್ದು ನನಗೆ ಪೆಟ್ಟಿನಂತೆ ತಾಗಿತು. ಕಾದರೆ ಏನಾದರೂ ಆಗುತ್ತದೆಯೇ ಎಂದು ಕೇಳಿದೆ. ಹದಿನೈದು ನಿಮಿಷದಲ್ಲಿ ಬಂದರೆ ಬಂತು, ಇಷ್ಟು ವಯಸ್ಸಾದದ್ದು ಬಂದರೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ ಎಂದರು. ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು, ಕಾಯೋಣ ಎಂದೆ.

ಆ ಹೊತ್ತಿನಲ್ಲಿ ಮುನಿಯಪ್ಪ ನನ್ನ ಮೂಲಕ ಮಾರ್ಸೆಲ್ ಅವರ ತಂದೆಯ ತೋಟದ ವಿಚಾರ ಕೇಳಿದ. ಒಳ್ಳೆಯ ವೈನಿಗಾಗಿ ಅವರ ತಂದೆ ಬೇಸಿಗೆಯಲ್ಲಿ ಅರ್ಧಕ್ಕರ್ಧ ಹಸಿರು ಗೊಂಚಲುಗಳನ್ನು ಕತ್ತರಿಸಿ ನೆಲಕ್ಕೆ ಹಾಕುತ್ತಿದ್ದರಂತೆ, ಉಳಿದವು ಚೆನ್ನಾಗಿ ಬಲಿಯಲೆಂದು. ಮುನಿಯಪ್ಪ, ಅವರ ಮಾತು ನನಗೆ ಸರಿಯಾಗಿ ಅರ್ಥವಾಗಿದೆಯೇ ಎಂದು ಎರಡು ಸಲ ಕೇಳಿ ಖಚಿತಪಡಿಸಿಕೊಂಡ.

ಹನ್ನೆರಡನೇ ನಿಮಿಷಕ್ಕೆ ಅವನೇ ಲೋಟ ಎತ್ತಿ ಮೂಗಿನ ಹತ್ತಿರ ಹಿಡಿದ. ಕೆಳಗಿಡಲಿಲ್ಲ. "ಮಳೆ ಬಿದ್ ಮ್ಯಾಲೆ ಬುಡದಾಗಿನ ಎಲೆ ವಾಸ್ನೆ," ಎಂದ ನಿಧಾನವಾಗಿ. "ಒಣದ್ರಾಕ್ಸಿನೂ ಐತೆ. ಕೆಟ್ಟಿಲ್ಲ ಕಣಮ್ಮ. ಹದುಕ್ಕೆ ಬಂದೈತೆ."

ನಾನು ಲೋಟ ತೆಗೆದುಕೊಂಡೆ. ಒದ್ದೆ ಗೋಡೆ ಹೋಗಿತ್ತು. ಎಲೆಯ ವಾಸನೆ, ಅದರ ಹಿಂದೆ ನನ್ನ ತಾತ ಹೊಗೆಸೊಪ್ಪು ಇಡುತ್ತಿದ್ದ ಚರ್ಮದ ಸಂಚಿಯ ವಾಸನೆ, ಇನ್ನೂ ಹಿಂದೆ ಏನೋ ಸಿಹಿ. ಅವನ ಮಾತನ್ನೂ ನನಗೆ ಬಂದ ವಾಸನೆಯನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಮಾರ್ಸೆಲ್ ಮೂಸಿದರು, ಕುಡಿದರು. ಕೈಯಿಂದ ಕಣ್ಣು ಮುಚ್ಚಿಕೊಂಡರು. ನಮ್ಮ ನೆಲಮಾಳಿಗೆಯ ಬಾಗಿಲು ತೆರೆದಂತಾಯಿತು ಎಂದರು.

ಅವರು ತಮಗೂ ಮುನಿಯಪ್ಪನಿಗೂ ಎಂದು ಎರಡೇ ಲೋಟಕ್ಕೆ ಬಗ್ಗಿಸಿದ್ದರು. ನಾವು ದಾವಣಗೆರೆ ಕಡೆಯ ಲಿಂಗಾಯತರು, ನಮ್ಮ ಮನೆಯಲ್ಲಿ ಇದನ್ನು ಮುಟ್ಟಿದವರಿಲ್ಲ ಎಂದು ಅವರಿಗೆ ಗೊತ್ತಿತ್ತು. ನೀವು ಮೂಸಿದ್ದೇ ಸಾಕು ಎಂದರು. ನಾನು ಯೋಚಿಸಿದೆ. ಯಾರ ಒತ್ತಾಯವೂ ಇರಲಿಲ್ಲ. ಕದ್ದು ಮಾಡುವುದೂ ಬೇಕಿರಲಿಲ್ಲ. ಅಳೆಯದೆ ಸಹಿ ಹಾಕುವ ಅಭ್ಯಾಸ ನನಗಿಲ್ಲ ಎಂದು ಹೇಳಿ ಇನ್ನೊಂದು ಲೋಟ ಮುಂದಿಟ್ಟೆ. ಎರಡು ಗುಟುಕು ಕುಡಿದೆ. ಸಿಹಿಯಿರಲಿಲ್ಲ. ಹುಳಿ ಸ್ವಲ್ಪ ಇತ್ತು. ಒಗರೂ ಇತ್ತು, ಆದರೆ ವರ್ಷಗಟ್ಟಲೆ ಹಿಡಿದು ನುಣುಪಾದ ಒನಕೆಯಂತೆ ಎಲ್ಲೂ ಚುಚ್ಚಲಿಲ್ಲ. ಮೂಗಿಗೆ ಬೇರೆ ಬೇರೆಯಾಗಿ ಕಂಡಿದ್ದ ಎಲೆ, ಚರ್ಮ, ಒಣಹಣ್ಣು ಬಾಯಲ್ಲಿ ಒಂದೇ ಆಗಿದ್ದವು. ಇಂಥದ್ದನ್ನು ಮಾಡಿದವನಿಗೆ ಅವಸರವೇ ಇರಲಿಲ್ಲ ಎಂದು ಮಾತ್ರ ನನಗೆ ತೋರಿತು. ಹಾಗೇ ಹೇಳಿದೆ. ಮಾರ್ಸೆಲ್ ನಕ್ಕು, ನಿಮಗೂ ಇಲ್ಲ, ಹನ್ನೊಂದು ಸಲ ನೋಡಿದ್ದೇನೆ ಎಂದರು.

ಆರೂವರೆಯ ರೈಲಿಗೆ ನಾನು ಎದ್ದೆ. ಮಾರ್ಸೆಲ್ ನನ್ನ ಎರಡೂ ಕೈ ಹಿಡಿದು ಅಲುಗಿಸಿದರು. ಗೇಟಿನಿಂದ ತಿರುಗಿ ನೋಡಿದಾಗ ಮುನಿಯಪ್ಪ ಅವರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ವರಾಂಡದ ಅಂಚಿನ ಮಣ್ಣಿನಲ್ಲಿ ಕಡ್ಡಿಯಿಂದ ಬಳ್ಳಿ ಬರೆದು, ಯಾವ ಗೊಂಚಲು ಕತ್ತರಿಸುವುದೆಂದು ಬೆರಳು ತೋರಿಸಿ ಕೇಳುತ್ತಿದ್ದ. ಮಾರ್ಸೆಲ್ ಊರುಗೋಲಿನ ತುದಿಯಿಂದ ಒಂದೊಂದನ್ನೇ ಹೊಡೆದು ಹಾಕುತ್ತಿದ್ದರು.

ಬಾಗಲಗುಂಟೆಯಲ್ಲೇ ಇದ್ದ ನಮ್ಮ ಮನೆ ಸೇರಿದಾಗ ಎಂಟೂವರೆಯಾಗಿತ್ತು. ಬಾಗಿಲು ತೆರೆದ ನನ್ನ ಗಂಡ ವೀರೇಶರಿಗೆ ಚಪ್ಪಲಿ ಬಿಡುವ ಮೊದಲೇ ಎಲ್ಲವನ್ನೂ ಹೇಳಿದೆ, ಎರಡು ಗುಟುಕಿನ ಸಮೇತ. ಅವರು ಬಾಗಿಲ ಚೌಕಟ್ಟಿಗೆ ಕೈಯಿಟ್ಟು ಪೂರ್ತಿ ಕೇಳಿದರು. ಕೋಪ ಬಂದಿತ್ತೋ ಇಲ್ಲವೋ, ಮುಖದಲ್ಲಿ ತಿಳಿಯಲಿಲ್ಲ. ಆಮೇಲೆ ಕೇಳಿದರು.

"ಹೆಂಗಿತ್ತು ರುಚಿ?"

ವರಾಂಡದಲ್ಲಿ ಹೇಳಿದ್ದ ಮಾತು ಯಾವುದೂ ಸಾಲಲಿಲ್ಲ.

"ಇನ್ನೂ ಬಾಯಾಗ ಐತ್ರಿ," ಎಂದೆ.

ಅವರು ಬಾಗಿಲಿನಿಂದ ಸರಿದು ನಿಂತರು. ನಾನು ಒಳಗೆ ಹೋದೆ.