ಅತ್ತೆಯ ಪಟ್ಟದ ಗೊಂಬೆಗಳು

ನಮ್ಮ ಸೋದರತ್ತೆಯ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಸದಾ ಕೆಂಪು ಬಣ್ಣ ಮೆತ್ತಿಕೊಂಡಿರುತ್ತಿತ್ತು. ಸೀಗೆಪುಡಿ ಹಾಕಿ ಉಜ್ಜಿದರೂ ಹೋಗದು. ಬಣ್ಣ ನಯವಾಗಿ ಕೂರಲೆಂದು ಕುಂಚ ಬದಿಗಿಟ್ಟು ಹೆಬ್ಬೆರಳಲ್ಲೇ ಸವರುವ ಅಭ್ಯಾಸ ಅವಳದು. ಊಟಕ್ಕೆ ಕೂತಾಗ ಅಮ್ಮ ಆ ಬೆರಳು ನೋಡಿ ಮೂಗು ಮುರಿಯುತ್ತಿದ್ದಳು.

ಅತ್ತೆಗೆ ಮದುವೆಯಾಗಿರಲಿಲ್ಲ. ಮಧುಗಿರಿಯ ನಮ್ಮ ಮನೆಯಲ್ಲೇ, ತಮ್ಮನ ಸಂಸಾರದ ಜೊತೆ ಇದ್ದಳು. ಆಷಾಢ ಕಳೆದರೆ ಸಾಕು, ಅವಳ ಕೆಲಸ ಶುರು. ಶಿರಾದ ಆಚಾರಿಯೊಬ್ಬ ಕಡೆದುಕೊಡುವ ಬಣ್ಣವಿಲ್ಲದ ಗೊಂಬೆ, ಗಿಳಿ, ಆನೆ, ಮಣಿಗಳನ್ನು ಚೀಲದಲ್ಲಿ ತುಂಬಿಕೊಂಡು ಬಸ್ಸಿನಲ್ಲಿ ತರುತ್ತಿದ್ದಳು. ನವರಾತ್ರಿಯ ಹೊತ್ತಿಗೆ ಗಿಳಿಗೆ ರೆಕ್ಕೆ ಮೂಡಿ, ಆನೆಯ ಬೆನ್ನ ಮೇಲೆ ಜೂಲು ಬಂದು, ಮಣಿಗಳೆಲ್ಲ ಗೊಂಬೆಮೆಟ್ಟಿಲ ಮುಂದಿನ ತೋರಣವಾಗುತ್ತಿದ್ದವು. ಕೇರಿಯ ಯಾವ ಹೆಣ್ಣಿಗೆ ಮದುವೆ ಗೊತ್ತಾದರೂ ತವರಿನವರು ಕೊಡುವ ಪಟ್ಟದ ಗೊಂಬೆಗಳು, ಆ ಮರದ ರಾಜ ರಾಣಿ, ಅಲಂಕಾರಕ್ಕೆ ಅತ್ತೆಯ ಹತ್ತಿರವೇ ಬರಬೇಕು. ಕಣ್ಣು ಬರೆಯುವುದನ್ನು ಕೊನೆಗೆ ಇಟ್ಟುಕೊಳ್ಳುತ್ತಿದ್ದಳು. ಆಗ ನಾನು ಮಾತಾಡಿದರೆ ಗದರುವಳು: "ಬಾಯ್ ಮುಚ್ಕೊಳೇ. ಈಗ ವಟವಟ ಅಂದ್ರೆ ರಾಣಿ ಜಗಳಗಂಟಿ ಆಯ್ತಾಳೆ. ಆಮ್ಯಾಕೆ ಆ ಹುಡ್ಗಿ ಗಂಡ ನನ್ನ ಬೈತಾನೆ."

ಅವಳದೂ ಒಂದು ಜೋಡಿ ಇತ್ತು. ಅಜ್ಜಿ ಮಾಡಿಸಿಟ್ಟಿದ್ದು. ನಮ್ಮ ಮನೆಯಲ್ಲಿ ಮದುವೆ ಗೊತ್ತಾಗುವ ತನಕ ಪಟ್ಟದ ಗೊಂಬೆಗೆ ಬಣ್ಣ ಹಚ್ಚುವಂತಿಲ್ಲ; ಧಾರೆ ಸೀರೆಯ ರವಿಕೆ ಬಟ್ಟೆಯನ್ನೇ ರಾಣಿಗೆ ಉಡಿಸಬೇಕು. ಬಂದ ಸಂಬಂಧಗಳೆಲ್ಲ ಮುರಿದವು. ಪಾವಗಡದ್ದೊಂದು ಲಗ್ನಪತ್ರಿಕೆಯ ತನಕ ಬಂದು ನಿಂತುಹೋಯಿತು. ಗೊಂಬೆಗಳು ಬೋಳು ಮರವಾಗಿಯೇ ಟ್ರಂಕಿನಲ್ಲಿ ಉಳಿದವು.

ತಲೆ ನೆರೆತ ಮೇಲೆ ಒಂದು ವರ್ಷ ಅತ್ತೆ ಅವನ್ನು ಹೊರಗೆ ತೆಗೆದಳು. ಯಾರನ್ನೂ ಕೇಳಲಿಲ್ಲ. ತನ್ನ ಮೆಚ್ಚಿನ ಹಸಿರು ಸೀರೆಯ ಅಂಚು ಕತ್ತರಿಸಿ ರಾಣಿಗೆ ಉಡಿಸಿದಳು, ರಾಜನಿಗೆ ಮೀಸೆ ತಿದ್ದಿದಳು, ಪಾಡ್ಯದ ಬೆಳಿಗ್ಗೆ ಮೇಲಿನ ಮೆಟ್ಟಿಲಲ್ಲಿ ಅಮ್ಮನ ಜೋಡಿಯ ಪಕ್ಕಕ್ಕಿಟ್ಟಳು. ಅಷ್ಟು ಚೆಂದದ ಗೊಂಬೆಗಳನ್ನು ಅವಳು ಯಾರಿಗೂ ಮಾಡಿಕೊಟ್ಟಿರಲಿಲ್ಲ.

ಅಮ್ಮ ನೋಡಿದವಳೇ, "ಅತ್ತಿಗೆ, ಎತ್ತಿ ಒಳೀಕಿಡಿ. ಮದ್ವೆ ಆಗ್ದೋರು ಪಟ್ಟದ್ ಗೊಂಬೆ ಇಕ್ತಾರಾ ಎಲ್ಲಾನ? ಮನೇಲಿ ಬೆಳ್ದಿರೋ ಮಗ್ಳವ್ಳೆ ನಂಗೆ" ಎಂದಳು.

"ನಮ್ಮವ್ವ ನಂಗೇಂತ ಮಾಡ್ಸಿದ್ದು ಕಣಮ್ಮ. ನಾನ್ ಸತ್ಮೇಲೆ ಇಡ್ತೀರಾ?" ಎಂದಳು ಅತ್ತೆ.

ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. ಅಮ್ಮನೇ ಗೊಂಬೆಗಳನ್ನು ತೆಗೆದು ಟ್ರಂಕಿಗೆ ಹಾಕಿದಳು. ಆ ಮೆಟ್ಟಿಲುಗಳ ಮೇಲಿದ್ದ ಒಂದೊಂದು ಗೊಂಬೆಗೂ ಬಣ್ಣ ಹಚ್ಚಿದ್ದು ಅತ್ತೆ. ಸಂಜೆ ಅರಿಶಿನ ಕುಂಕುಮಕ್ಕೆ ಬಂದವರು ಅವನ್ನು ಹೊಗಳುವಾಗ ಅವಳು ಅಡುಗೆಮನೆಯಲ್ಲಿ ಕಡಲೆಕಾಳಿಗೆ ಒಗ್ಗರಣೆ ಹಾಕುತ್ತಿದ್ದಳು.

ಮರುವರ್ಷ ನನ್ನ ಮದುವೆ ಗೊತ್ತಾಯಿತು. ಹೊಸ ಜೋಡಿ ಮಾಡಿಸಲು ಅಪ್ಪನಿಗೆ ಕಷ್ಟವೇನಿರಲಿಲ್ಲ. ಅಮ್ಮ ಮಾತ್ರ, "ನಿಮ್ ಜೋಡಿ ಮನೇಲೇ ಬಿದ್ದೈತಲ್ಲ, ಬಣ್ಣ ಕೆರ್ದು ಇವ್ಳಿಗೆ ಮಾಡ್ಕೊಡಿ ಅತ್ತಿಗೆ" ಎಂದಳು. ಅತ್ತೆ ಉಪ್ಪುಕಾಗದ ತೆಗೆದುಕೊಂಡು ಜಗಲಿಯಲ್ಲಿ ಕೂತಳು. ತಾನೇ ಬರೆದ ಕಣ್ಣು, ತುಟಿ, ಹಣೆಯ ಕುಂಕುಮವನ್ನೆಲ್ಲ ತಾನೇ ಉಜ್ಜಿ ತೆಗೆದಳು. ನಾನು ಪಕ್ಕದಲ್ಲಿ ಕೂತು, "ಅತ್ತೆ, ನಂಗ್ ಬ್ಯಾಡ ಇವು. ಅಮ್ಮಂಗೆ ಹೇಳ್ತೀನಿ" ಎಂದೆ.

"ನೀನ್ ಬ್ಯಾಡ ಅಂದ್ರೆ ನಿಮ್ಮಮ್ಮ ಇನ್ಯಾರ್ ಕೈಗಾನ ಇಕ್ತಾಳೆ. ತಗೊಂಡೋಗು. ನಿನ್ ಮನೇಲಾದ್ರೂ ಮೇಲಿನ್ ಮೆಟ್ಲಲ್ಲಿ ಕೂತ್ಕಳ್ಲಿ."

ಅತ್ತೆ ಹೋಗಿ ಬಹಳ ವರ್ಷವೇನಾಗಿಲ್ಲ. ತಿಥಿಯ ದಿನ ಅಮ್ಮ ಬಂದವರೆದುರು ಕಣ್ಣೊರೆಸಿಕೊಂಡು, "ನಮ್ಮತ್ತಿಗೇಗೆ ನಮ್ ಮಗ್ಳು ಅಂದ್ರೆ ಪ್ರಾಣ. ತನ್ ಗೊಂಬೇನೇ ಕೊಟ್ಬುಟ್ರು" ಎಂದಳು. ಕೊಟ್ಟಳಂತೆ! ಸತ್ತವಳ ಮನೆಯಲ್ಲಿ ರಂಪ ಬೇಡವೆಂದು ಎಲೆ ಹಾಕಲು ಎದ್ದುಹೋದೆ.

ಹೋದ ನವರಾತ್ರಿಗೆ ಅಮ್ಮ ನಮ್ಮ ಮನೆಗೆ ಬಂದಿದ್ದಳು. ಕುಂಕುಮಕ್ಕೆ ಬಂದ ಪಕ್ಕದ ಮನೆಯವರು ಮೇಲಿನ ಮೆಟ್ಟಿಲು ನೋಡಿ, "ತವರಲ್ಲಿ ಕೊಟ್ಟಿದ್ದೇನ್ರೀ?" ಎಂದು ಕೇಳಿದರು. ಅಮ್ಮ ನಗುತ್ತಾ ಹೌದೆನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ನಾನೇ ಹೇಳಿದೆ: "ಇವು ನಮ್ಮತ್ತೇವು. ಅವಳು ಆಸೆಪಟ್ಟು ಇಟ್ಟಿದ್ನ ನಮ್ಮಮ್ಮ ತೆಗೆದು ಟ್ರಂಕಿಗಾಕಿದ್ರು. ಆಮೇಲೆ ಕಿತ್ಕೊಂಡು ನಂಗೆ ಕೊಟ್ರು."

ಅಮ್ಮ ಸಂಜೆಯ ಬಸ್ಸಿಗೇ ಹೊರಟುಹೋದಳು. ನಾನು ತಡೆಯಲಿಲ್ಲ. ಈ ವರ್ಷ ಕರೆದೂ ಇಲ್ಲ.