ಉಪ್ಸಾರಿನ ಫ್ಲಾಸ್ಕೂ ಎಕ್ಸ್‌ರೇ ಮೆಷಿನ್ನೂ

“ಯಾರ್ರೀ ಬಸುರಿ?”

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ, ನನ್ನ ಬೆನ್ನ ಹಿಂದೆ ಸೂಟು ಬೂಟಿನ ದೊಡ್ಡ ಸಾಲೇ ನಿಂತಿರುವಾಗ, ಪೊಲೀಸ್ ಪೇದೆಯೊಬ್ಬರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೇಳಿದ ಪ್ರಶ್ನೆ ಇದು. ನನಗೆ ಮೂವತ್ತೆಂಟು ವರ್ಷ. ಮೀಸೆ ಇದೆ. ಹೊಟ್ಟೆಯೂ ಸ್ವಲ್ಪ ಇದೆ (ಅದರ ಕಾರಣ ಬೇರೆ).

ತಪ್ಪು ಅವರದಲ್ಲ. ಅಂಥ ಪ್ರಶ್ನೆ ಹುಟ್ಟುವಂಥ ಮಾತನ್ನು ನಾನೇ ಆಡಿದ್ದೆ. ಯಾಕೆ ಆಡಿದೆ ಅಂತ ಹೇಳಬೇಕಾದರೆ ಮೊದಲು ನನ್ನ ಕೈಯಲ್ಲಿದ್ದ ಫ್ಲಾಸ್ಕಿನ ವಿಷಯ ಹೇಳಬೇಕು.

ನನ್ನ ತಂಗಿ ನಾಗಮಣಿ ದೆಹಲಿಯಲ್ಲಿದ್ದಾಳೆ. ಅವಳ ಗಂಡ ಅಲ್ಲಿ ವಿಮಾನ ಕಂಪನಿಯೊಂದರ ಆಫೀಸಿನಲ್ಲಿ ಗುಮಾಸ್ತರು. ಮದುವೆಯಾಗಿ ಆರು ವರ್ಷ. ಎರಡು ಸಲ ಬಸುರಿಯಾದಳು, ಎರಡು ಸಲವೂ ಮೂರನೇ ತಿಂಗಳಿಗೆ ಹೋಯಿತು. ಇದು ಮೂರನೆಯ ಸಲ. ದೇವರ ದಯೆಯಿಂದ ನಾಲ್ಕು ತಿಂಗಳು ತುಂಬಿತ್ತು. ಆದರೆ ತಿಂದದ್ದೆಲ್ಲ ವಾಂತಿ. ಡಾಕ್ಟರು, ಹೀಗೇ ಆದರೆ ತಾಯಿಗೂ ಕಷ್ಟ, ಮಗುವಿಗೂ ಕಷ್ಟ ಎಂದಿದ್ದರಂತೆ.

ಗುಂಡ್ಲುಪೇಟೆಯ ಎಸ್‌ಟಿಡಿ ಬೂತಿನಲ್ಲಿ ನಿಂತು ನಾನು ಫೋನ್ ಮಾಡಿದಾಗ ಅವಳು ಅತ್ತಳು. “ಅವ್ವನ ಕೈಯ ಉಪ್ಸಾರು ಒಂದ್ ಲೋಟ ಸಿಕ್ಕುದ್ರೆ ಬದುಕ್ಕತೀನಿ ಕಣಣ್ಣ,” ಅಂದಳು.

ಅದೇ ಫೋನಿನಲ್ಲಿ ಇನ್ನೊಂದು ಸಂಗತಿಯನ್ನೂ ಹೇಳಿದಳು. ಬಚ್ಚಲಲ್ಲಿ ಜಾರಿ ಪಾದ ಊದಿಕೊಂಡಿತ್ತಂತೆ. ಎಕ್ಸ್‌ರೇ ತೆಗೆಯಿರಿ ಎಂದರೆ ಡಾಕ್ಟರು ಗದರಿದರಂತೆ. ಬಸುರಿ ಹೆಂಗಸಿಗೆ ಎಕ್ಸ್‌ರೇ ಕೂಡದು. ಆ ಮಾತು ನನ್ನ ತಲೆಯಲ್ಲಿ ಮೊಳೆ ಹೊಡೆದಂತೆ ಕೂತುಬಿಟ್ಟಿತು.

ಉಪ್ಸಾರು ಎಂದರೇನು ಅಂತ ನಿಮಗೆ ಹೇಳಬೇಕಾಗಿಲ್ಲ. (ಈ ಅಂಕಣವನ್ನು ನಂಜನಗೂಡಿನಾಚೆಯೂ ಓದುತ್ತಾರೆ ಎಂಬ ಭ್ರಮೆ ನನಗಿರುವುದರಿಂದ ಹೇಳುತ್ತೇನೆ: ಸೊಪ್ಪು, ಕಾಳು ಬೇಯಿಸಿ ಬಸಿದ ನೀರು, ಅದಕ್ಕೆ ಉಪ್ಪು. ಖಾರ ಬೇರೆ ಅರೆದುಕೊಳ್ಳುವುದು. ಅಷ್ಟೇ.) ದೆಹಲಿಯಲ್ಲಿ ಸೊಪ್ಪಿಲ್ಲವೇ, ಕಾಳಿಲ್ಲವೇ? ಇವೆ. ಅವ್ವನ ಕೈ ಇಲ್ಲ.

ರೈಲಿನಲ್ಲಿ ಹೋದರೆ ಎರಡು ದಿನ, ಸಾರು ಹಳಸುತ್ತದೆ. ಭಾವನೇ ದಾರಿ ಹೇಳಿದರು. ಅವರ ಕಂಪನಿಯಲ್ಲಿ ನೌಕರರ ಮನೆಯವರಿಗೆ ವರ್ಷಕ್ಕೊಂದು ಪುಕ್ಕಟೆ ಟಿಕೆಟ್ ಕೊಡುತ್ತಾರೆ. ಹಾಗಾಗಿ, ಪಕ್ಕದ ಬೇಗೂರಿನ ಸಂತೆಗೆ ಹೋಗಲೂ ಸೋಮಾರಿತನ ಮಾಡುವ ನಾನು ವಿಮಾನ ಹತ್ತುವವನಾದೆ.

ಫ್ಲಾಸ್ಕ್ ನಮ್ಮದಲ್ಲ. ಗುಂಡ್ಲುಪೇಟೆಯಲ್ಲಿ ನಮ್ಮ ಪಕ್ಕದ ಮನೆಯ ಟೈಲರ್ ಮಹಬೂಬ್ ಸಾಹೇಬರದು. ನಮ್ಮ ಬೀದಿಯ ಎಲ್ಲ ಹೆರಿಗೆಗಳಿಗೂ ಹೋಗಿ ಬಂದಿರುವ ಫ್ಲಾಸ್ಕ್ ಅದು. ಒಳಗಿನ ಗಾಜು ಹುಷಾರು ಮೇಷ್ಟ್ರೇ, ಎಂದು ಮೂರು ಸಲ ಹೇಳಿ ಕೊಟ್ಟರು. ಅದನ್ನು ಹಿಡಿದು ಹಿಂದಿನ ದಿನವೇ ಕುದೇರಿಗೆ ಹೋದೆ. ಅವ್ವ ಅಲ್ಲಿ ನಮ್ಮ ಅಣ್ಣನ ಸಂಸಾರದ ಜೊತೆ ಇದ್ದಾಳೆ.

ಬೆಳಗ್ಗೆ ನಾನು ಎದ್ದು ಮುಖ ತೊಳೆಯುವಷ್ಟರಲ್ಲಿ ಸಾರು ಆಗಿತ್ತು. ಅವ್ವ ಫ್ಲಾಸ್ಕಿಗೆ ಬಿಸಿನೀರು ಹಾಕಿ ಕುಲುಕಿ ಚೆಲ್ಲಿ, ಸಾರು ತುಂಬಿ, ಮುಚ್ಚಳ ತಿರುಗಿಸಿ, ಅದರ ಮೇಲೊಂದು ಬಿಳಿ ಬಟ್ಟೆ ಕಟ್ಟಿದಳು. ಆಮೇಲೆ ನನ್ನ ಮುಖ ನೋಡಿ ಹೇಳಿದಳು.

“ಇದು ಬಸ್ರಿ ಬಯ್ಕೆದು ಕಣ್ಲಾ. ಅವ್ಳ ಬಾಯ್ಗೆ ಬೀಳಗಂಟ ಯಾರೂ ಬಾಯಿಕ್ಕಬಾರ್ದು. ಬಾಯಿಕ್ಕುದ್ರೆ ಮಗೀಗೆ ಒಳ್ಳೇದಲ್ಲ.”

ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಎರಡು ಸಲ ಹೋಗಿದೆಯಲ್ಲ, ನಗು ಬರಲಿಲ್ಲ. ತಲೆಯಾಡಿಸಿದೆ.

ಫ್ಲಾಸ್ಕ್ ಎಂದರೆ ನಮ್ಮ ಕಡೆ ಆಸ್ಪತ್ರೆಯ ಸಾಮಾನು. ಬಸ್ ಹತ್ತಿದ ತಕ್ಷಣ ಕಂಡಕ್ಟರು ಯಾರಿಗೆ ಹುಷಾರಿಲ್ಲ ಎಂದು ಕೇಳಿದರು. ಪಕ್ಕದವರು ಯಾವ ವಾರ್ಡು ಅಂದರು. ದೆಹಲಿ, ವಿಮಾನ ಅಂತ ವಿವರಿಸಿದರೆ ಯಾರು ನಂಬುತ್ತಾರೆ? ಮೈಸೂರಿನ ದೊಡ್ಡಾಸ್ಪತ್ರೆ ಎಂದುಬಿಟ್ಟೆ. ಕೂಡಲೇ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಇಳಿಯುವಾಗ ಹೆಂಗಸೊಬ್ಬರು ಎರಡು ಬಾಳೆಹಣ್ಣನ್ನೂ ಕೊಟ್ಟರು, ರೋಗಿಗೆ ಅಂತ. ತಿಂದೆ.

ಮೈಸೂರಿನಲ್ಲಿ ಬಸ್ ಬದಲಿಸಿ ಮಧ್ಯಾಹ್ನದ ಹೊತ್ತಿಗೆ ವಿಮಾನ ನಿಲ್ದಾಣ ಸೇರಿದೆ. ಅಲ್ಲಿ ಫ್ಲಾಸ್ಕಿನ ಬಗ್ಗೆ ಯಾರೂ ಕನಿಕರ ತೋರಿಸಲಿಲ್ಲ. ಸೆಕ್ಯುರಿಟಿ ಸಾಲಿನಲ್ಲಿ ಒಂದು ಕಪ್ಪು ಬೆಲ್ಟು ಓಡುತ್ತಿತ್ತು. ಎಲ್ಲರೂ ಚೀಲಗಳನ್ನು ಅದರ ಮೇಲಿಡುತ್ತಿದ್ದರು. ಚೀಲ ಒಂದು ಪೆಟ್ಟಿಗೆಯೊಳಗೆ ಹೋಗಿ ಆಚೆ ಬದಿ ಬರುತ್ತಿತ್ತು. ಈ ಪೆಟ್ಟಿಗೆ ಏನು ಮಾಡುತ್ತದೆ ಎಂದು ಮುಂದಿದ್ದವರನ್ನು ಕೇಳಿದೆ.

“ಎಕ್ಸ್‌ರೇ,” ಅಂದರು.

ಡಾಕ್ಟರು ಗದರಿದ್ದು ನೆನಪಾಯಿತು.

ಪೇದೆ ಫ್ಲಾಸ್ಕನ್ನು ಬೆಲ್ಟಿನ ಮೇಲಿಡಲು ಹೇಳಿದರು. ನಾನು ಅದನ್ನು ಎದೆಗೆ ಒತ್ತಿ ಹಿಡಿದು, ಮೆಷಿನ್‌ಗೆ ಹಾಕಬೇಡಿ ಸಾರ್, ಬಸುರಿಗೆ ಎಕ್ಸ್‌ರೇ ಆಗಬಾರದು ಎಂದೆ. ಆಗಲೇ ಅವರು, ಯಾರ್ರೀ ಬಸುರಿ, ಎಂದದ್ದು.

ಸಬ್‌ಇನ್‌ಸ್ಪೆಕ್ಟರು ಬಂದರು. ಒಳಗೇನಿದೆ ಎಂದರು. ಉಪ್ಸಾರು ಎಂದೆ. ಏನು ಕೆಲಸ ಎಂದರು. ಮೇಷ್ಟ್ರು ಎಂದೆ. ಯಾವ ಸಬ್ಜೆಕ್ಟು ಎಂದರು.

ಸಮಾಜ ಎಂದೆ.

ಸುಳ್ಳು! ನಾನು ಪಾಠ ಮಾಡುವುದು ವಿಜ್ಞಾನ. ಎಕ್ಸ್ ಕಿರಣ ವಸ್ತುವಿನ ಮೂಲಕ ಹಾದುಹೋಗುತ್ತದೆ, ಅದರೊಳಗೆ ಉಳಿಯುವುದಿಲ್ಲ, ಟಾರ್ಚ್ ಆರಿಸಿದ ಮೇಲೆ ಗೋಡೆಯಲ್ಲಿ ಬೆಳಕು ಉಳಿಯುತ್ತದೇನ್ರೋ ಎಂದು ಹುಡುಗರನ್ನು ಬೈಯುವವನು ನಾನೇ. ಆದರೆ ಅಲ್ಲಿ ಆ ಟಾರ್ಚೂ ನೆನಪಾಗಲಿಲ್ಲ, ಗೋಡೆಯೂ ನೆನಪಾಗಲಿಲ್ಲ. ಹುಡುಗರ ಪುಸ್ತಕದಲ್ಲಿರುವ ಎಕ್ಸ್‌ರೇ ಬೇರೆ, ತಂಗಿಯ ಮಗುವಿಗೆ ತಗಲುವ ಎಕ್ಸ್‌ರೇ ಬೇರೆ ಅಲ್ಲವೇ? ಅಲ್ಲ ಅಂತ ನೀವು ಹೇಳಬಹುದು. ನೀವು ಆ ಸಾಲಿನಲ್ಲಿ ನಿಂತಿರಲಿಲ್ಲ.

ಸಬ್‌ಇನ್‌ಸ್ಪೆಕ್ಟರು ಕೆಟ್ಟವರಲ್ಲ. ಫ್ಲಾಸ್ಕಿನತ್ತ ಕೈ ತೋರಿಸಿ ಹೇಳಿದರು. “ನೋಡಿ ಮೇಷ್ಟ್ರೇ, ಮುಚ್ಚಳಕ್ಕೆ ಬಗ್ಗಿಸಿ ಒಂದು ಗುಟುಕು ಕುಡಿದು ತೋರಿಸಿ. ಆಮೇಲೆ ನೋಡೋಣ.”

ಈಗ ಏನು ಮಾಡುವುದು? ಮೆಷಿನ್‌ಗೆ ಹಾಕಿದರೆ ಡಾಕ್ಟರ ಮಾತು ಮೀರಿದಂತೆ. ಕುಡಿದರೆ ಅವ್ವನ ಮಾತು ಮೀರಿದಂತೆ. ಕುಡಿದರೆ ಇವರು ನಂಬುತ್ತಾರೆ, ಕುಡಿಯದಿದ್ದರೆ ಅವ್ವ ಮೆಚ್ಚುತ್ತಾಳೆ. ಎರಡೂ ಬೇಡವೆಂದರೆ ಫ್ಲಾಸ್ಕನ್ನು ಅಲ್ಲೇ ಬಿಡಬೇಕು. ದೆಹಲಿಯಲ್ಲಿ ನಾಗಮಣಿ ಬೆಳಗಿನಿಂದ ನೀರನ್ನೂ ಕುಡಿಯದೆ ಇದಕ್ಕಾಗಿ ಕಾದಿದ್ದಾಳೆ. ಅಷ್ಟರಲ್ಲಿ ದೆಹಲಿಯ ವಿಮಾನಕ್ಕೆ ಕೊನೆಯ ಕರೆ ಎಂದು ಮೈಕು ಕೂಗಿತು. ಹಿಂದಿನವರು ಗಡಿಯಾರ ನೋಡಿಕೊಳ್ಳತೊಡಗಿದರು.

ಬಟ್ಟೆ ಬಿಚ್ಚಿ ಮುಚ್ಚಳ ತೆಗೆದೆ. ಹಬೆ ಎದ್ದಿತು. ಸೊಪ್ಪಿನ ವಾಸನೆ ಹರಡಿತು. ಪೇದೆ ಮೂಗರಳಿಸಿ, ದಂಟಿನ ಸೊಪ್ಪಾ, ಎಂದರು (ಹೌದು, ದಂಟಿನ ಸೊಪ್ಪೇ). ಕಣ್ಣು ಮುಚ್ಚಿ ಮನೆದೇವರನ್ನು ನೆನೆದು ಮುಚ್ಚಳದಿಂದ ಒಂದು ಗುಟುಕು ಕುಡಿದೆ.

(ಆಯ್ತು, ಎರಡು.)

“ಸರಿ,” ಅಂದರು ಸಬ್‌ಇನ್‌ಸ್ಪೆಕ್ಟರು. “ಈಗ ಬೆಲ್ಟ್ ಮೇಲೆ ಇಡಿ.”

ಕುಡಿದು ತೋರಿಸಿದೆನಲ್ಲ ಸಾರ್ ಎಂದೆ. ಸಾರು ಸಾರೇ ಅಂತ ಗೊತ್ತಾಯಿತು, ಫ್ಲಾಸ್ಕು ಫ್ಲಾಸ್ಕೇ ಅಂತ ಗೊತ್ತಾಗಬೇಡವೇ ಎಂದು ಅವರೇ ಕೈಯಿಂದ ಇಸಿದುಕೊಂಡು ಬೆಲ್ಟಿನ ಮೇಲಿಟ್ಟರು. ಒಂದು ನಿಮಿಷದಲ್ಲಿ ಎರಡೂ ಆಗಿಹೋಯಿತು. ಎಕ್ಸ್‌ರೇನೂ ಆಯಿತು, ಬಾಯಿಟ್ಟದ್ದೂ ಆಯಿತು. ಆಚೆ ಬದಿ ಬಂದ ಫ್ಲಾಸ್ಕಿಗೆ ಚೀಟಿ ಕಟ್ಟಿ ಸೀಲು ಒತ್ತಿದರು.

ಮೊದಲ ಸಲ ವಿಮಾನ ಹತ್ತಿದವನು ಕಿಟಕಿಯಲ್ಲಿ ಮೋಡ ನೋಡಬೇಕು. ನಾನು ತೊಡೆಯ ಮೇಲಿನ ಫ್ಲಾಸ್ಕ್ ನೋಡುತ್ತಾ ಕೂತೆ. ಇದನ್ನು ಅವಳಿಗೆ ಕೊಡುವುದೋ ಬೇಡವೋ? ಆ ಟಾರ್ಚು, ಗೋಡೆ ಎಲ್ಲ ಈಗ ನೆನಪಾದವು. ನೆನಪಾದರೂ ಧೈರ್ಯ ಬರಲಿಲ್ಲ. ಕೊನೆಗೆ ಎದ್ದು ಹಿಂದಿನ ಟಾಯ್ಲೆಟ್ಟಿಗೆ ಹೋಗಿ, ಚೆಲ್ಲಿಬಿಡೋಣ ಎಂದು ಬೇಸಿನ್ನಿನ ಮೇಲೆ ಫ್ಲಾಸ್ಕ್ ಹಿಡಿದೆ. ಕೈ ಬರಲಿಲ್ಲ. ಕುದೇರಿನ ಒಲೆ ಮುಂದೆ ಕೂತಿದ್ದ ಅವ್ವನ ಮುಖ ಕಣ್ಣಿಗೆ ಬಂತು. ಮತ್ತೆ ಬಟ್ಟೆ ಕಟ್ಟಿ ಬಂದು ಕೂತೆ.

ದೆಹಲಿಯ ಮನೆಯ ಬಾಗಿಲು ತೆರೆದ ನಾಗಮಣಿಯ ಕಣ್ಣು ಗುಳಿ ಬಿದ್ದಿತ್ತು. ಚೆನ್ನಾಗಿದ್ದೀಯಾ ಅಣ್ಣ ಎನ್ನಲಿಲ್ಲ. ತಂದ್ಯಾ, ಎಂದಳು. ಆರಿಹೋಗಿದೆಯೇನೋ, ಬೇಡ ಬಿಡು, ಎಂದು ತೊದಲಿದೆ. ಅವಳು ನನ್ನ ಕೈಯಿಂದ ಕಿತ್ತುಕೊಂಡು, ನಿಂತಲ್ಲೇ ಒಂದು ಮುಚ್ಚಳ ಕುಡಿದಳು. ಭಾವನೂ ನಾನೂ ಕಾದೆವು. ಐದು ನಿಮಿಷ, ಹತ್ತು ನಿಮಿಷ. ವಾಂತಿಯಾಗಲಿಲ್ಲ. ಗೋಡೆಗೊರಗಿ ಕೂತು, ಇನ್ನೊಂದು ಮುಚ್ಚಳ ಹಾಕು ಎಂದಳು. ಭಾವ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡರು.

ಆ ದಿನದಿಂದ ಅವಳು ಸ್ವಲ್ಪ ಸ್ವಲ್ಪ ತಿನ್ನತೊಡಗಿದಳು. ನಾನು ಮಾತ್ರ ಐದು ತಿಂಗಳು ನೆಮ್ಮದಿಯಿಂದ ಉಣ್ಣಲಿಲ್ಲ. ಎಸ್‌ಟಿಡಿ ಬೂತಿಗೆ ಹೋದಾಗಲೆಲ್ಲ ಮೊದಲು ಮಗುವಿನ ವಿಷಯವನ್ನೇ ಕೇಳುತ್ತಿದ್ದೆ. ಏನಾದರೂ ಆದರೆ ಆ ಗುಟುಕಿನದು ತಪ್ಪೋ, ಆ ಬೆಲ್ಟಿನದೋ? ಯಾವುದಾದರೂ ನನ್ನದೇ ತಾನೇ?

ಏಳನೇ ತಿಂಗಳಿಗೆ ಅವಳು ಕುದೇರಿಗೆ ಬಂದಳು. ಹೋದ ತಿಂಗಳು ಚಾಮರಾಜನಗರದ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣು ಮಗು. (ಬಿಸಿನೀರು ಹೋದದ್ದು ಮಹಬೂಬ್ ಸಾಹೇಬರ ಫ್ಲಾಸ್ಕಿನಲ್ಲೇ. ವಿಮಾನದ ಚೀಟಿಯನ್ನು ಅವರು ಇನ್ನೂ ಬಿಚ್ಚಿಲ್ಲ.) ಎಲ್ಲರೂ ಮಗು ಯಾರ ಹಾಗಿದೆ ಎಂದು ನೋಡುತ್ತಿದ್ದರೆ, ನಾನು ಮೊದಲು ಕೈಬೆರಳು ಎಣಿಸಿದೆ. ಆಮೇಲೆ ಕಾಲ್ಬೆರಳು. ಎಲ್ಲ ಸರಿಯಾಗಿದ್ದವು.

ಕಳೆದ ಭಾನುವಾರ ಅವ್ವ ಕಾಲು ಚಾಚಿ ಮಗುವನ್ನು ಮಲಗಿಸಿಕೊಂಡು ಎಣ್ಣೆ ಹಚ್ಚುತ್ತಿದ್ದಳು. ಇನ್ನು ತಡೆಯಲಾಗದೆ ಪಕ್ಕದಲ್ಲಿ ಕೂತು ಒಪ್ಪಿಸಿಬಿಟ್ಟೆ. ಪೊಲೀಸರು ಬಲವಂತ ಮಾಡಿದರು, ಬಾಯಿಟ್ಟೆ ಕಣವ್ವ, ಒಂದೇ ಒಂದು ಗುಟುಕು, ಎಂದೆ.

ಅವ್ವನ ಕೈ ನಿಲ್ಲಲಿಲ್ಲ. ನಾನು ಉಪ್ಪು ನೋಡದೆ ಕಳಿಸುತ್ತೇನಾ, ಎಂದಳು.

ಅಂದರೆ ಮೊದಲು ಬಾಯಿಟ್ಟವಳು ಅವಳೇ! ಹಾಗಾದರೆ ಯಾರೂ ಬಾಯಿಕ್ಕಬಾರದು ಎಂದದ್ದು ಯಾಕೆ?

“ಇನ್ನೇನಂತ ಏಳನ್ಲಾ? ನಿಮ್ಮಪ್ಪನ್ಗೆ ಒಲಕ್ಕೆ ಕಳ್ಸಿದ್ ಉಪ್ಸಾರು ನಿನ್ ಕೈಲಿ ಯಾವತ್ತಾರ ತುಂಬ್ದ್ ಚೆಂಬಲ್ಲಿ ಓಗಿತ್ತಾ? ಅಂಗನ್ದೆ ಇದ್ರೆ ಕುಡೀದೆ ದಿಲ್ಲಿ ಗಂಟ ಮಡಗ್ತಿದ್ದಾ ನೀನು?” ಅಂದಳು. ಮಗುವನ್ನು ಬೋರಲು ಹಾಕಿಕೊಂಡು ಬೆನ್ನಿಗೆ ಎಣ್ಣೆ ಸವರುತ್ತಾ, “ಒಂದಂತೆ. ಎಲ್ಡ್ ಗುಟ್ಕು ಕುಡ್ದಿದೀಯ, ಬುಡು,” ಎಂದಳು.

ಬೆಂಗಳೂರಿನ ಅಷ್ಟು ದೊಡ್ಡ ಎಕ್ಸ್‌ರೇ ಮೆಷಿನ್ನಿಗೂ ಕಾಣದ ಆ ಎರಡನೇ ಗುಟುಕು ಕುದೇರಿನಲ್ಲಿ ಕೂತ ಅವ್ವನಿಗೆ ಕಂಡದ್ದು ಹೇಗೆ?